ಕಿಬ್ಬರ್ ಸುತ್ತಿನ ಬಟಾಣಿ ಬೇಸಾಯ ಮತ್ತು ನೀರಿನ ಪಾಳಿ

ಮಾನ್ಯರೇ, ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್‌ನಲ್ಲಿ ಮಳೆಯ ಆಸರೆಯಿಲ್ಲದೆ ಬಟಾಣಿ ಬೆಳೆಯುವುದು ಹೇಗೆ, ಅದನ್ನು ನೋಡಲು ಮೇ ತಿಂಗಳಲ್ಲಿ ಹೋಗಬಹುದೇ, ಅದೇ ಬೀಜವನ್ನು ತಂದು ತುಮಕೂರಿನ ತಮ್ಮ ಹೊಲದಲ್ಲಿ ಬಿತ್ತಬಹುದೇ ಎಂದು ಕೇಳಿದ್ದೀರಿ. ಮೇ ಅಲ್ಲಿ ಬಿತ್ತನೆಯ ಕಾಲವಾದ್ದರಿಂದ ಉತ್ತ ಮಣ್ಣಷ್ಟೇ ಕಂಡೀತು. ಜುಲೈ ಕೊನೆಗೆ ಅಥವಾ ಆಗಸ್ಟ್‌ನಲ್ಲಿ ಹೋಗಿ.

ಸುಮಾರು 4,200 ಮೀಟರ್ ಎತ್ತರದ ಕಿಬ್ಬರ್, ಕಮರಿಯಾಚೆಯ ಚಿಚಂ, ಕಣಿವೆಯ ಮುಖ್ಯ ಪಟ್ಟಣವಾದ ಕಾಜಾದ ಮೇಲಣ ಲಾಂಗ್ಜಾ, ಹಿಕ್ಕಿಂ, ಕೋಮಿಕ್, ಇವೆಲ್ಲವೂ ಮಳೆನೆರಳಿನ ಊರುಗಳು. ಚಳಿಗಾಲದಲ್ಲಿ ಬಿದ್ದ ಹಿಮವೇ ಬೇಸಿಗೆಯ ನೀರು, ವರ್ಷಕ್ಕೆ ಒಂದೇ ಬೆಳೆ. ಹಿಮ ಕಡಿಮೆಯಾದ ವರ್ಷ ಕಾಯಿ ಕಟ್ಟುವ ಹೊತ್ತಿಗೆ ಕಾಲುವೆ ಬತ್ತುತ್ತದೆ.

ತಾವು ಮುಖ್ಯವಾಗಿ ನೋಡಬೇಕಾದದ್ದು ಆ ಕಾಲುವೆಯನ್ನೇ. ಅದನ್ನು ಅಲ್ಲಿ ಕುಹ್ಲ್ ಎನ್ನುತ್ತಾರೆ. ಕರಗಿದ ಹಿಮದ ನೀರನ್ನು ಗುಡ್ಡದ ಮೈಗುಂಟ ಹರಿಸಿಕೊಂಡು ಬಂದು ಊರ ಮೇಲಿನ ಹೊಂಡಕ್ಕೆ ಬಿಡುತ್ತಾರೆ. ಸಂಜೆ ತೂಬು ಮುಚ್ಚಿ ರಾತ್ರಿಯಿಡೀ ತುಂಬಿಸಿಕೊಂಡು, ಹಗಲು ಪಾಳಿಯ ಪ್ರಕಾರ ಹೊಲಗಳಿಗೆ ಹಾಯಿಸುತ್ತಾರೆ. ಸಣ್ಣ ಹರಿವನ್ನು ನೇರವಾಗಿ ಬಿಟ್ಟರೆ ದಾರಿಯಲ್ಲೇ ಇಂಗಿಹೋಗುವುದರಿಂದ ಈ ಶೇಖರಣೆ ಅನಿವಾರ್ಯ. ನೀರಿನ ಮೊದಲ ಹಕ್ಕು ಸಾಂಪ್ರದಾಯಿಕವಾಗಿ ಹಳೆಯ ಮನೆತನಗಳದ್ದು, ಉಳಿದವರ ಪಾಳಿ ಅನಂತರ. ಇದು ಸಮಾನತೆಯ ವ್ಯವಸ್ಥೆಯಲ್ಲ, ಅದನ್ನು ಹೊಗಳುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ. ಆದರೂ ಪಾಳಿಯ ಶಿಸ್ತು, ನಮ್ಮ ಕೆರೆಗಳಲ್ಲಿ ನೀರುಗಂಟಿಗಳು ಕಾಯುತ್ತಿದ್ದಂಥದ್ದೇ, ನಾವು ಮತ್ತೆ ಕಲಿಯಬೇಕಾದದ್ದು ಎಂಬುದು ನನ್ನ ದೃಢ ಅಭಿಪ್ರಾಯ.

ಗೊಬ್ಬರಕ್ಕೆ ಕೊಟ್ಟಿಗೆಯ ಸಗಣಿ ಮತ್ತು ಒಣ ಶೌಚಾಲಯದಲ್ಲಿ ಕಳಿತ ಮಣ್ಣು. ಮೊದಲು ಬಾರ್ಲಿಯೇ ಮುಖ್ಯವಾಗಿದ್ದ ಹೊಲಗಳನ್ನು ಬಟಾಣಿ ಆವರಿಸಿದ್ದು ಬೆಲೆಯಿಂದಾಗಿ: ಕೆಳಗಿನ ಬಯಲು ಪ್ರದೇಶಗಳ ಬಟಾಣಿ ಮುಗಿದ ತಿಂಗಳುಗಳಲ್ಲಿ ಅಲ್ಲಿನ ಕಾಯಿ ಮಾರುಕಟ್ಟೆಗೆ ಇಳಿಯುತ್ತದೆ. ಆ ಲಾಭ ಬೀಜದ್ದಲ್ಲ, ಎತ್ತರದ ತಂಪಿನದು. ಆದ್ದರಿಂದ ಬೀಜ ತರಬೇಡಿ. ತಮ್ಮಲ್ಲಿ ಬಟಾಣಿಗೆ ಹಿಂಗಾರಿನ ಚಳಿಯೇ ಸರಿ, ಬಿಸಿಲೇರಿದರೆ ಹೂವು ಉದುರುತ್ತದೆ.

ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಕಿಬ್ಬರ್‌ನವರೊಡನೆ ಹಿಮ ಚಿರತೆಯ ರಕ್ಷಣೆಗಾಗಿ ಬಹುಕಾಲದಿಂದ ದುಡಿಯುತ್ತಿದೆ. ಚಿರತೆ ಕೊಂದ ಜಾನುವಾರಿನ ನಷ್ಟಕ್ಕಾಗಿ ಊರವರೇ ಕಂತು ಕಟ್ಟುವ ವಿಮೆಯ ವಿಚಾರವನ್ನೂ ಅಲ್ಲಿ ಕೇಳಿ ತಿಳಿದುಕೊಳ್ಳಿ.

ಹೊರಟಾಗ ಕೆಳಗಿನ ಕಾಜಾದಲ್ಲಿ ಕನಿಷ್ಠ ಎರಡು ರಾತ್ರಿ ತಂಗಿ ದೇಹವನ್ನು ಎತ್ತರಕ್ಕೆ ಒಗ್ಗಿಸಿಕೊಂಡೇ ಮೇಲೇರಿ. ತಲೆನೋವು, ವಾಂತಿ ಹೆಚ್ಚಿದರೆ ಕಾಯದೆ ಕೆಳಗಿಳಿಯಿರಿ.