ಹೈಫಾಕ್ಕೆ ಬರುವ ತಂಗಿಗೆ

ಕುಂದಾಪುರದ ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಇಸ್ರೇಲ್ ವೀಸಾ ಬಂದಿದೆ, ಮನೆಯಲ್ಲಿ ಎಲ್ಲರಿಗೂ ಹೆದರಿಕೆ ಅಂದಿದ್ದೀಯ. ಆಮೇಲೆ ಕೇಳಿದ್ದೀಯ: "ಈ ಯಹೂದಿಗಳು, ಅರಬರು ಎರಡು ಸಾವಿರ ವರ್ಷದಿಂದ ಯಾಕೆ ಹೊಡೆದಾಡ್ತಿದ್ದಾರೆ ಅಕ್ಕಾ? ಜಾಗ ನಿಜಕ್ಕೂ ಯಾರದ್ದು?"

ಮೊದಲು ಹೆದರಿಕೆಯ ವಿಷಯ. ಸೈರನ್ ಕೂಗಿದರೆ ಮಾಮಾದ್ ಒಳಗೆ ಹೋಗಬೇಕು. ಅಂದರೆ ಗಟ್ಟಿ ಕಾಂಕ್ರೀಟ್ ಕೋಣೆ. ಹಳೇ ಕಟ್ಟಡಗಳಲ್ಲಿ ಅದು ಇರುವುದಿಲ್ಲ. ಕೆಲಸ ಒಪ್ಪುವ ಮೊದಲೇ ಕೇಳಿಕೋ, ನಾಚಿಕೆ ಬೇಡ.

ಇನ್ನು ಎರಡು ಸಾವಿರ ವರ್ಷದ ಮಾತು. ಜೆರುಸಲೇಮಿನ ದೇವಸ್ಥಾನ ರೋಮನರು ಸುಟ್ಟದ್ದು ಹೌದು, ಯಹೂದಿಗಳು ಅದನ್ನು ಮರೆಯದೆ ಇದ್ದದ್ದೂ ಹೌದು. ಆದರೆ ಈಗಿನ ಜಗಳಕ್ಕೆ ಸುಮಾರು ನೂರನಲವತ್ತು ವರ್ಷ. ಅದರ ಬೇರು ಹುಡುಕಿದರೆ ಸಿಗುವುದು ಜಮೀನಿನ ಕಾಗದಪತ್ರ.

ನಿನಗೆ ಗೇಣಿ ಅಂದರೆ ಗೊತ್ತಲ್ವಾ? ಇಲ್ಲೂ ಅದೇ ಕಥೆ. ಆಗ ಈ ನೆಲ, ಅಂದರೆ ಪ್ಯಾಲೆಸ್ಟೈನ್, ಆಳುತ್ತಿದ್ದ ತುರ್ಕಿಯ ಸುಲ್ತಾನರು 1858ರಲ್ಲಿ ಜಮೀನನ್ನೆಲ್ಲ ದಾಖಲೆ ಮಾಡಿಸಿ ಎಂದು ಕಾನೂನು ತಂದರು. ಹೆಸರು ಬರೆಸಿದರೆ ತೆರಿಗೆ ಬೀಳುತ್ತದೆ, ಮಗನನ್ನು ಸೈನ್ಯಕ್ಕೆ ಎಳೆಯುತ್ತಾರೆ ಎಂದು ಎಷ್ಟೋ ರೈತರು ಹಿಂದೆ ಸರಿದರು. ಉತ್ತವರು ಅವರೇ, ಆದರೆ ಖಾತೆ ಆದದ್ದು ದೊಡ್ಡ ಕುಳಗಳ ಹೆಸರಿಗೆ. ಹೈಫಾದಿಂದ ಸ್ವಲ್ಪ ಒಳಗೆ ಹೋದರೆ ಮರ್ಜ್ ಇಬ್ನ್ ಆಮಿರ್ ಎಂಬ ಬಯಲು ಸಿಗುತ್ತದೆ, ಯಹೂದಿಗಳ ಬಾಯಲ್ಲಿ ಇಜ್ರೇಲ್ ಕಣಿವೆ. ಅದರಲ್ಲಿ ಬಹಳಷ್ಟು ಬೈರೂತಿನ ಸುರ್ಸುಕ್ ಎಂಬ ವ್ಯಾಪಾರಿ ಮನೆತನದ ಹೆಸರಿನಲ್ಲಿತ್ತು.

ಆ ಹೊತ್ತಿಗೆ ರಷ್ಯಾದಲ್ಲಿ ಯಹೂದಿಗಳ ಮನೆಗೆ ಬೆಂಕಿ ಬೀಳುತ್ತಿತ್ತು. 1882ರಿಂದ ಜನ ಇಲ್ಲಿಗೆ ಬರಲು ಶುರು ಮಾಡಿದರು. 1901ರಲ್ಲಿ ಜಮೀನು ಕೊಳ್ಳಲೆಂದೇ ಒಂದು ನಿಧಿ ಕಟ್ಟಿದರು. 1910ರಿಂದ 1925ರೊಳಗೆ ಆ ಬಯಲಿನ ದೊಡ್ಡ ಭಾಗ ಸುರ್ಸುಕ್‌ಗಳಿಂದ ಯಹೂದಿ ಸಂಸ್ಥೆಗಳ ಕೈಗೆ ಬಂತು. ಕ್ರಯಪತ್ರ ಸರಿಯಾಗಿಯೇ ಇತ್ತು. ತಲೆಮಾರಿನಿಂದ ಉಳುತ್ತಿದ್ದ ಅರಬ್ ಒಕ್ಕಲುಗಳು ಮಾತ್ರ ಗಂಟುಮೂಟೆ ಕಟ್ಟಬೇಕಾಯಿತು. ಯಹೂದಿ ನೆಲದಲ್ಲಿ ಯಹೂದಿಗಳೇ ದುಡಿಯಬೇಕು ಎಂಬ ಹಟ ಬೇರೆ. ಹಾಗಾಗಿ ಕೂಲಿಯೂ ಇಲ್ಲ. ನಮ್ಮೂರಲ್ಲಿ 1974ರ ಕಾನೂನು ಬಂದಾಗ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಜಾಗ ಮಾಡಿಕೊಂಡರಲ್ಲ, ಇವರಿಗೆ ದೇವರಾಜ ಅರಸರಂಥವರು ಯಾರೂ ಸಿಗಲಿಲ್ಲ.

ನಡುವೆ ಬ್ರಿಟಿಷರು. ಮೊದಲ ಮಹಾಯುದ್ಧದಲ್ಲಿ ಒಂದೇ ಸೈಟಿಗೆ ಮೂರು ಅಗ್ರಿಮೆಂಟ್ ಮಾಡಿದರು. ಮೆಕ್ಕಾದ ಮುಖ್ಯಸ್ಥ ಷರೀಫ್ ಹುಸೇನ್‌ಗೆ ಅರಬ್ ರಾಜ್ಯದ ಆಸೆ ತೋರಿಸಿದರು. 1916ರಲ್ಲಿ ಫ್ರೆಂಚರ ಜೊತೆ ಗುಟ್ಟಾಗಿ ಹಂಚಿಕೊಂಡರು. 1917ರ ನವೆಂಬರ್ 2ರಂದು ತಮ್ಮ ವಿದೇಶಾಂಗ ಮಂತ್ರಿ ಬಾಲ್ಫೋರ್ ಬರೆದ ಪತ್ರದಲ್ಲಿ ಯಹೂದಿಗಳಿಗೆ 'ರಾಷ್ಟ್ರೀಯ ನೆಲೆ' ಎಂದರು. ಹುಸೇನ್‌ಗೆ ಬರೆದದ್ದರಲ್ಲಿ ಪ್ಯಾಲೆಸ್ಟೈನ್ ಸೇರಿತ್ತೇ ಇಲ್ಲವೇ ಅಂತ ಆಮೇಲೆ ಬೇರೆ ತಕರಾರು! ಅಂದಹಾಗೆ, 1918ರ ಸೆಪ್ಟೆಂಬರ್ 23ರಂದು ತುರ್ಕಿಯವರಿಂದ ಹೈಫಾ ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು, ಜೋಧಪುರದ ಕುದುರೆ ಸೈನಿಕರ ಜೊತೆ. ಇಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ, ಬಂದಾಗ ತೋರಿಸುತ್ತೇನೆ. ಹೆಮ್ಮೆ ಆಗುತ್ತದೆ. ಬ್ರಿಟಿಷರಿಗೆ ದಾರಿ ಬಿಡಿಸಿಕೊಟ್ಟವರು ನಾವೂ ಹೌದಲ್ಲ ಎಂದು ಒಂಥರಾ ಮುಜುಗರವೂ ಆಗುತ್ತದೆ.

1922ರ ಗಣತಿಯಲ್ಲಿ ಇಡೀ ಪ್ಯಾಲೆಸ್ಟೈನಿನಲ್ಲಿ ಇದ್ದವರು 7.57 ಲಕ್ಷ, ಅದರಲ್ಲಿ ಯಹೂದಿಗಳು 84 ಸಾವಿರದಷ್ಟು. ಹಿಟ್ಲರ್ ಬಂದ ಮೇಲೆ ಯುರೋಪಿನ ಯಹೂದಿಗಳಿಗೆ ಬೇರೆ ಬಾಗಿಲುಗಳೆಲ್ಲ ಮುಚ್ಚುತ್ತಾ ಹೋದವು. 1947ಕ್ಕೆ ಮೂರರಲ್ಲಿ ಒಂದು ಪಾಲು ಅವರೇ ಆದರು. ವಿಶ್ವಸಂಸ್ಥೆ ಎರಡು ಪಾಲು ಮಾಡಿ ಎಂದಿತು (ಭಾರತ ವಿರೋಧವಾಗಿ ಮತ ಹಾಕಿತ್ತು), ಯುದ್ಧ ಆಯಿತು, ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆ ಕಳೆದುಕೊಂಡರು. ಅದನ್ನು ಅವರು ನಕ್ಬಾ, ಅಂದರೆ ಮಹಾವಿಪತ್ತು, ಅನ್ನುತ್ತಾರೆ. 1950ರ ಇಸ್ರೇಲ್ ಕಾನೂನಿನಲ್ಲಿ ಅವರ ಮನೆ, ಹೊಲ 'ಗೈರುಹಾಜರಿ ಆಸ್ತಿ' ಆಗಿ ಸರ್ಕಾರಕ್ಕೆ ಹೋಯಿತು. ಮತ್ತೆ ಕಾಗದ, ನೋಡು.

ಹಾಗಾದರೆ ಜಾಗ ಯಾರದ್ದು? ನಾನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿರುವ ಅಜ್ಜಿ ಬಾಗ್ದಾದಿನವರು. 1951ರಲ್ಲಿ ಹನ್ನೆರಡನೇ ವಯಸ್ಸಿಗೆ ಒಂದು ಸೂಟ್‌ಕೇಸ್ ಹಿಡಿದು ಬಂದವರು. ಊರು ಬಿಟ್ಟ ಯಹೂದಿಗಳ ಆಸ್ತಿಯನ್ನು ಇರಾಕ್ ಸರ್ಕಾರ ಆ ವರ್ಷವೇ ಮುಟ್ಟುಗೋಲು ಹಾಕಿತು, ಇವರಪ್ಪನ ಅಂಗಡಿ ಸೇರಿ. ಪ್ರತಿ ಗುರುವಾರ ಗಾಲಿಕುರ್ಚಿ ತಳ್ಳಿಕೊಂಡು ವಾದಿ ನಿಸ್ನಾಸ್‌ಗೆ ಹೋಗುತ್ತೇವೆ, ಅರಬರ ಕೇರಿ. 1948ರ ಏಪ್ರಿಲ್‌ನಲ್ಲಿ ಹೈಫಾದ ಅರಬರು ಹಡಗು ಹತ್ತಿ ಹೋದ ಮೇಲೆ ಉಳಿದ ಮೂರ್ನಾಲ್ಕು ಸಾವಿರ ಜನರನ್ನು ಸೇರಿಸಿದ್ದು ಇಲ್ಲೇ. ತರಕಾರಿ ಅಂಗಡಿಯವನ ತಾತನ ಮನೆ ಗುಡ್ಡದ ಮೇಲಿದೆ, ಈಗ ಬೇರೆಯವರು ಇದ್ದಾರೆ. ಅದು ಅಜ್ಜಿಗೂ ಗೊತ್ತು.

ಅಜ್ಜಿ ಬಾಗ್ದಾದಿನ ಅರಬ್ಬಿಯಲ್ಲೇ ಚೌಕಾಸಿ ಮಾಡುತ್ತಾರೆ. ಅವನು ಅವರ ಉಚ್ಚಾರಣೆಗೆ ನಗುತ್ತಾನೆ, ಒಂದು ಹಿಡಿ ಪುದೀನಾ ಸುಮ್ನೆ ಹಾಕುತ್ತಾನೆ. ಚುನಾವಣೆ ಮಾತು ಬಂದ ದಿನ ಮಾತ್ರ ಇಬ್ಬರೂ ಚಿಲ್ಲರೆ ಎಣಿಸಿ ಸುಮ್ಮನಾಗುತ್ತಾರೆ. ನಾನು ಚೀಲ ಹಿಡಿದು ನಿಂತಿರುತ್ತೇನೆ.

ಹೀಬ್ರೂ ಅಕ್ಷರ ಈಗಲೇ ಕಲಿ. ಕುಚ್ಚಲಕ್ಕಿ ಹೊತ್ತು ತರಬೇಡ, ಜಾಗ ಉಳಿದರೆ ಉಪ್ಪಿನಕಾಯಿ ತಾ.