ಮೊದಲು ಬಾಗಿಲನ್ನು ತೂಗಿ ನೋಡಿ

ಓದುಗರ ಪತ್ರ: ನನ್ನ ಬಳಿ ಎರಡು ಬಾಗಿಲಿನ ಹಳೆಯ ಲಕ್ಸುರಿ ಕೂಪೆ ಇದೆ. ತೂಕ ಹತ್ತಿರ ಹತ್ತಿರ ಎರಡು ಟನ್. ಇದರ ಬಾಗಿಲು ಲ್ಯಾಂಬೊರ್ಗಿನಿ ಥರ ಮೇಲಕ್ಕೆ ಏಳಬೇಕು ಅನ್ನುವುದು ಬಹಳ ದಿನದ ಆಸೆ. ಇಕ್ಕಟ್ಟಿನ ಪಾರ್ಕಿಂಗ್‌ನಲ್ಲೂ ಅನುಕೂಲ. ಎಲ್ಲ ಕಾರಿಗೂ ಕೂರುವ ಕಿಟ್ ಇದೆ, ಬೋಲ್ಟ್ ಬಿಗಿದರೆ ಆಯ್ತು, ಒಂದೇ ದಿನದ ಕೆಲಸ ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಮಾಡಿಸಬಹುದಾ?

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಎಲ್ಲ ಕಾರಿಗೂ ಕೂರುವ ಆ ಕಿಟ್ ಮಾತ್ರ ಬೇಡ. ಒಂದೇ ದಿನದ ಕೆಲಸ ಎಂದವರು ನಾಳೆಯೇ ಕಾರು ತನ್ನಿ ಎನ್ನಬಹುದು, ಅದಕ್ಕೇ ಇದನ್ನು ಮೊದಲೇ ಹೇಳುತ್ತಿದ್ದೇನೆ. ಆಸೆ ಬಿಟ್ಟುಬಿಡಿ ಎನ್ನುತ್ತಿಲ್ಲ. ಮೇಲಕ್ಕೇಳುವ ಬಾಗಿಲು ಕಂಡರೆ ನಾನು ಈಗಲೂ ನಿಂತು ನೋಡುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ಕಾರಿನ ತೂಕ ಇದೆ, ಬಾಗಿಲಿನ ತೂಕ ಇಲ್ಲ. ಈ ಕೆಲಸಕ್ಕೆ ಬೇಕಾಗಿರುವುದು ಅದು.

ಈ ಬಾಗಿಲು ಎಲ್ಲಿಂದ ಬಂತು ನೋಡಿ. 1968ರಲ್ಲಿ ಇಟಲಿಯ ಕಾರು ವಿನ್ಯಾಸಕ ಮಾರ್ಚೆಲ್ಲೊ ಗಾಂದೀನಿ ಬೆರ್ತೋನೆ ಎಂಬ ವಿನ್ಯಾಸ ಕಂಪನಿಯಲ್ಲಿದ್ದಾಗ ಆಲ್ಫಾ ರೋಮಿಯೊ ಕರಾಬೊ ಎಂಬ ಪ್ರದರ್ಶನದ ಕಾರಿಗೆ ಇದನ್ನು ಕೂರಿಸಿದರು. ಆಮೇಲೆ ಅವರೇ ರೂಪಿಸಿದ ಲ್ಯಾಂಬೊರ್ಗಿನಿ ಕೌಂಟಾಶ್ 1971ರಲ್ಲಿ ಜಿನೀವಾದ ಕಾರು ಪ್ರದರ್ಶನದಲ್ಲಿ ಕಾಣಿಸಿಕೊಂಡಿತು, 1974ರಲ್ಲಿ ಮಾರಾಟಕ್ಕೆ ಬಂತು. ಅದರಲ್ಲಿ ಹಿಂದಕ್ಕೆ ನೋಡಿದರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಬಾಗಿಲು ಮೇಲಕ್ಕೆತ್ತಿ, ಅಂಚಿನ ಮೇಲೆ ಅರ್ಧ ಕೂತು, ತಲೆ ಹೊರಗೆ ಹಾಕಿ ರಿವರ್ಸ್ ತೆಗೆಯಬಹುದಿತ್ತು. ಕಾರಿನ ಎತ್ತರ ಬರೀ 107 ಸೆಂ.ಮೀ. ಬಾಗಿಲು ಕುಳ್ಳಗೆ, ಇಳಿಯುವ ಗಾಜು ಚಿಕ್ಕದು. ಮುಖ್ಯವಾಗಿ, ಮೇಲಕ್ಕೇಳುವ ಬಾಗಿಲು ಇರುತ್ತದೆ ಎಂದು ಗೊತ್ತಿದ್ದೇ ಇಡೀ ಕಾರು ಕಟ್ಟಿದ್ದರು.

ನಿಮ್ಮ ಕೂಪೆಯ ಕತೆ ಬೇರೆ. ಹಿಂದೆ ಬಾಗಿಲಿಲ್ಲ, ಹಾಗಾಗಿ ಮುಂದಿನದೇ ಉದ್ದ. ಒಳಗೆ ಅಡ್ಡ ಡಿಕ್ಕಿ ತಡೆಯುವ ಉಕ್ಕಿನ ತೊಲೆ, ದಪ್ಪ ಗಾಜು, ಅದನ್ನು ಎತ್ತುವ ಮೋಟಾರು, ಸ್ಪೀಕರು, ಚರ್ಮದ ಹೊದಿಕೆ. ಲೆಕ್ಕಕ್ಕೆ 50 ಕಿಲೋ ಅಂದುಕೊಳ್ಳೋಣ. ಉದ್ದ 1.4 ಮೀಟರ್, ತೂಕದ ನಡು ಕೀಲಿನಿಂದ 65 ಸೆಂ.ಮೀ. ದೂರ. ಬಾಗಿಲು ಏಳಲು ಶುರುವಾದಾಗ ಕೀಲಿನ ಸುತ್ತ ಸುಮಾರು 320 ನ್ಯೂಟನ್ ಮೀಟರ್ ತಿರುಚುಬಲ ಬೀಳುತ್ತದೆ. ಬಾಗಿಲನ್ನು ಮೇಲಕ್ಕೆ ತಳ್ಳುವುದು ಗ್ಯಾಸ್ ಸ್ಟ್ರಟ್, ಅಂದರೆ ಗ್ಯಾಸ್ ತುಂಬಿದ ಕೊಳವೆ. ಅದಕ್ಕೆ ಅಲ್ಲಿ ಸಿಗುವ ಸನ್ನೆಯ ಉದ್ದ, ಅಂದರೆ ಕೀಲಿನಿಂದ ಅದು ತಳ್ಳುವ ಗೆರೆಗೆ ಇರುವ ದೂರ, 10 ಸೆಂ.ಮೀ. ಆದರೆ, ಆ ಸ್ಟ್ರಟ್ 3,200 ನ್ಯೂಟನ್ ತಳ್ಳಬೇಕು. ಕಾರಿನ ಹಿಂದಿನ ಸಾಮಾನಿನ ಡಿಕ್ಕಿಯ ಮುಚ್ಚಳ ಎತ್ತುವ ಸ್ಟ್ರಟ್‌ಗಳು ಸಾಮಾನ್ಯವಾಗಿ ಕೆಲವು ನೂರು ನ್ಯೂಟನ್‌ನವು. ವ್ಯತ್ಯಾಸ ಕಾಣಿಸುತ್ತದೆ ಅಲ್ವಾ?

ಸ್ಟ್ರಟ್ ಅತಿ ಹೆಚ್ಚು ಒತ್ತುವುದು ಪೂರ್ತಿ ಒಳಗೆ ಸೇರಿದ್ದಾಗ. ಅಂದರೆ ಬಾಗಿಲು ಮುಚ್ಚಿರುವಾಗ. ಕಾರು ಸುಮ್ನೆ ನಿಂತಿದ್ದರೂ ಆ ಒತ್ತಡ ಹಗಲು ರಾತ್ರಿ ಕೀಲಿನ ಪ್ಲೇಟಿನ ಮೇಲೆ, ಅದನ್ನು ಹಿಡಿದಿರುವ ಪಿಲ್ಲರ್ (ಬಾಗಿಲಿನ ಮುಂದಿನ ಕಂಬ) ಮೇಲೆ ಇದ್ದೇ ಇರುತ್ತದೆ.

ಚಳಿಯನ್ನೂ ಮರೆಯಬೇಡಿ. ಸ್ಟ್ರಟ್ ಒಳಗಿರುವುದು ಒತ್ತಿ ತುಂಬಿದ ನೈಟ್ರೋಜನ್. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿ ಎತ್ತುತ್ತಿದ್ದದ್ದು ಸೊನ್ನೆ ಡಿಗ್ರಿಗೆ ಬಂದರೆ ಹತ್ತರಲ್ಲಿ ಒಂದು ಪಾಲು ಬಲ ಕಳೆದುಕೊಳ್ಳುತ್ತದೆ. ಸೀಲ್ ಹಳೆಯದಾದ ಹಾಗೆ ಗ್ಯಾಸ್ ಕೂಡ ನಿಧಾನಕ್ಕೆ ಸೋರುತ್ತದೆ. ಒಮ್ಮೆ ಪರಿಚಯದವರ ಕಾರಿನಿಂದ ಇಳಿಯಲು ಕಾಲು ಹೊರಗಿಟ್ಟಿದ್ದೆ. ಮೇಲಿದ್ದ ಬಾಗಿಲು ಸದ್ದೇ ಇಲ್ಲದೆ ಇಳಿದು ಹೆಗಲ ಮೇಲೆ ಕೂತಿತು. ಇಬ್ಬರು ಸೇರಿ ಎತ್ತಬೇಕಾಯಿತು. ಹಿಂದಿನ ದಿನದವರೆಗೂ ಸರಿಯಾಗಿತ್ತು ಎಂದರು. ಅಲ್ಲಿ ಮಗುವಿನ ತಲೆ ಇದ್ದಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ಹಾಗಾಗಿ, ಬಾಗಿಲು ಮೇಲೆ ನಿಂತಾಗ ತಾನಾಗಿಯೇ ಹಾಕಿಕೊಳ್ಳುವ ಲಾಕ್ ಇಲ್ಲದ ಕಿಟ್‌ ಅನ್ನು ಕೈಯಲ್ಲೂ ಮುಟ್ಟಬೇಡಿ.

ಇನ್ನು ಬಾಗಿಲು ಜೋತು ಬೀಳುವ ವಿಷಯ. ನಿಮ್ಮ ಕಾರಿನಲ್ಲಿ ಈಗ ಎರಡು ಕೀಲುಗಳಿವೆ, ಒಂದು ಮೇಲೆ, ಒಂದು ಕೆಳಗೆ. ನಡುವೆ ಒಳ್ಳೆಯ ಅಂತರ ಇರುವುದರಿಂದ ಭಾರವನ್ನು ಹಂಚಿಕೊಳ್ಳುತ್ತವೆ. ಕಿಟ್ ಹಾಕಿದ ಬಾಗಿಲು ಮೊದಲು ಸ್ವಲ್ಪ ಹೊರಗೆ ಬಂದು, ಆಮೇಲೆ ಒಂದೇ ತಿರುಗಣೆಯ ಮೇಲೆ ಮೇಲಕ್ಕೆ ಹೋಗುತ್ತದೆ. ಓರೆಯಾಗಿ ನಿಂತ ಭಾರ ಆ ತಿರುಗಣೆಯನ್ನು ಪಕ್ಕಕ್ಕೆ ತಿರುಚುತ್ತಲೇ ಇರುತ್ತದೆ. ಸ್ಟ್ರಟ್ ಎಷ್ಟೇ ಗಟ್ಟಿ ಇದ್ದರೂ ಈ ತಿರುಚಾಟಕ್ಕೆ ಅದು ಮದ್ದಲ್ಲ. ತಿರುಗಣೆಯ ಹಿಡಿತ 10 ಸೆಂ.ಮೀ. ಅಗಲ ಇದ್ದು ಅಲ್ಲಿ ಒಂದು ಮಿಲಿಮೀಟರ್ ಸಡಿಲವಾದರೆ, 1.4 ಮೀಟರ್ ಆಚೆ, ಬಾಗಿಲನ್ನು ಹಿಡಿದಿಡುವ ಲ್ಯಾಚ್ ಹತ್ತಿರ ಅದು 14 ಮಿಲಿಮೀಟರ್ ಆಗುತ್ತದೆ. ಕೊನೆಯಲ್ಲಿ ಬಾಗಿಲನ್ನು ತಾನೇ ಎಳೆದು ಮುಚ್ಚಿಕೊಳ್ಳುವ ಸಾಫ್ಟ್ ಕ್ಲೋಸ್ ನಿಮ್ಮ ಕಾರಿನಲ್ಲಿದ್ದರೆ, ಇಷ್ಟು ತಪ್ಪಿದ ಬಾಗಿಲು ಅದರ ಕೈಗೆ ಸಿಗುವುದಿಲ್ಲ. ಆಗ ದಿನಾ ಎತ್ತಿ ಎತ್ತಿ ಬಡಿಯಬೇಕು. ಬಡಿದಷ್ಟೂ ಸಡಿಲ ಜಾಸ್ತಿ.

ಕಿಟಕಿಗೆ ಚೌಕಟ್ಟಿಲ್ಲದಿದ್ದರೆ ಇನ್ನೊಂದು ತೊಂದರೆ. ಹಿಡಿ ಎಳೆದ ಕೂಡಲೇ ಗಾಜು ಸ್ವಲ್ಪ ಕೆಳಗಿಳಿದು ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ. ವೈರ್ ಕಡಿದರೆ ಅದೂ ನಿಂತಿತು. ಬಾಗಿಲಿನ ವೈರಿಂಗ್ ಬರೀ ಮಡಚಿಕೊಳ್ಳುವುದಕ್ಕೆ ಮಾಡಿದ್ದು, ಬಾಗಿಲು ಮೇಲಕ್ಕೇಳುವಾಗ ಅದು ತಿರುಚಿಕೊಳ್ಳಲೂ ಬೇಕು. ಉದ್ದ ಸಾಲದು ಎಂದು ನಡುವೆ ಕತ್ತರಿಸಿ ಟೇಪ್ ಸುತ್ತಿದರೆ ಆಗದು. ಇಂಥ ಎಷ್ಟೋ ಕಾರುಗಳಲ್ಲಿ ಅಡ್ಡ ಡಿಕ್ಕಿಯನ್ನು ಗುರುತಿಸುವ ಏರ್‌ಬ್ಯಾಗ್ ಸೆನ್ಸರ್ ಬಾಗಿಲಿನೊಳಗೇ ಇರುತ್ತದೆ.

ಪಾರ್ಕಿಂಗ್ ಮಾತು ಅರ್ಧ ಸರಿ. 1.4 ಮೀಟರ್ ಬಾಗಿಲು 30 ಡಿಗ್ರಿ ತೆರೆದರೆ ಅಂಚು 70 ಸೆಂ.ಮೀ. ಹೊರಗೆ ಬರುತ್ತದೆ. ಕಿಟ್‌ನಲ್ಲಿ ಮೊದಲು 15 ಡಿಗ್ರಿ ಹೊರಗೆ ಬರಬೇಕು ಎಂದಾದರೆ 36 ಸೆಂ.ಮೀ. ಸಾಕು. ಜಾಗ ಉಳಿಯಿತು, ನಿಜ. ಆದರೆ ಎತ್ತಿದ ಬಾಗಿಲಿನ ತುದಿ ನೆಲದಿಂದ ಎರಡು ಮೀಟರ್ ದಾಟಬಹುದು. ನೀವು ದಿನಾ ಕಾರು ನಿಲ್ಲಿಸುವಲ್ಲಿ ಸೂರು ಎಷ್ಟು ಎತ್ತರ ಇದೆ, ಟೇಪ್ ಹಿಡಿದು ನೋಡಿ.

ಇನ್ನೊಂದು ವಿಷಯ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ರೆಕ್ಕೆಯಂತೆ ತೆರೆಯುವ ಬಾಗಿಲಿನ ಮರ್ಸಿಡಿಸ್ ಎಸ್‌ಎಲ್‌ಎಸ್ ಕಾರಿನ ಕೀಲುಗಳಲ್ಲಿ ಕಂಪನಿಯವರು ಸ್ಫೋಟಕ ಬೋಲ್ಟ್ ಇಟ್ಟಿದ್ದರು. ಕಾರು ಮಗುಚಿ ಬಿದ್ದರೆ ಬಾಗಿಲು ಕಳಚಿಕೊಂಡು ಒಳಗಿದ್ದವರು ಹೊರಗೆ ಬರಲಿ ಎಂದು. ಕಿಟ್‌ನಲ್ಲಿ ಅದೆಲ್ಲ ಇರುವುದಿಲ್ಲ. ಬಾಗಿಲನ್ನು ಮೇಲಕ್ಕೆತ್ತದೆಯೇ, ಮೊದಲಿನ ಹಾಗೆ ಪೂರ್ತಿ ಹೊರಕ್ಕೂ ತೆರೆಯಲು ಬಿಡುವ ಕಿಟ್‌ಗಳಿವೆ. ನಿಮಗೆ ಬೇಕಾಗಿರುವುದು ಅಂಥದ್ದು, ಅದೂ ನಿಮ್ಮ ಕಾರಿನ ಮಾದರಿಗೇ ಮಾಡಿದ್ದು.

ಹಾಗಾದರೆ ಈಗ ಏನು ಮಾಡಬೇಕು? ಹೇಗೂ ಕೆಲಸಕ್ಕೆ ಬಾಗಿಲು ಬಿಚ್ಚಲೇಬೇಕು. ಮೊದಲು ಬ್ಯಾಟರಿ ಸಂಪರ್ಕ ತೆಗೆಸಿ, ಆಮೇಲೆ ಒಂದು ಬಾಗಿಲು ಬಿಚ್ಚಿಸಿ. ಗಾಜು, ಹೊದಿಕೆ ಎಲ್ಲ ಒಳಗೇ ಇರಲಿ. ಕಂಬಳಿ ಹಾಸಿ ಮಲಗಿಸಿ. ಕೀಲಿನ ಕಡೆಯ ಅಂಚನ್ನು ಮರದ ತುಂಡಿನ ಮೇಲೆ, ಲ್ಯಾಚ್ ಕಡೆಯ ಅಂಚನ್ನು ತೂಕದ ಯಂತ್ರದ ಮೇಲೆ, ಎರಡೂ ಒಂದೇ ಮಟ್ಟಕ್ಕೆ ಬರುವಂತೆ ಇಡಿ. ಯಂತ್ರ ತೋರಿಸಿದ ಕಿಲೋವನ್ನು ಮರದ ತುಂಡಿಗೂ ಯಂತ್ರಕ್ಕೂ ಇರುವ ದೂರದಿಂದ ಗುಣಿಸಿ, ಮತ್ತೆ 9.8ರಿಂದ ಗುಣಿಸಿ. ದೂರ ಮೀಟರ್‌ನಲ್ಲಿರಲಿ. 23 ಕಿಲೋ ತೋರಿಸಿ ದೂರ 1.4 ಮೀಟರ್ ಇದ್ದರೆ, ನಾನು ಮೇಲೆ ಹೇಳಿದ 320ರ ಹತ್ತಿರವೇ ಉತ್ತರ ಬರುತ್ತದೆ. ಆ ಅಂಕಿಯನ್ನು ಕಿಟ್ ಮಾಡುವವರಿಗೆ ಕೊಟ್ಟು, ಇಷ್ಟನ್ನು ನಿಮ್ಮ ಕೀಲು ಹೊರುತ್ತದಾ ಎಂದು ಕೇಳಿ. ಬರಹದಲ್ಲಿ ಉತ್ತರ ಕೊಟ್ಟರೆ ಮುಂದಿನ ಮಾತು. ಬಾಯಿಮಾತಿನಲ್ಲಿ ಆಗುತ್ತೆ ಎಂದರೆ ಬಾಗಿಲನ್ನು ಮೊದಲಿನ ಕೀಲಿಗೇ ಹಾಕಿಸಿಕೊಂಡು ಬನ್ನಿ.

ಮುಂದುವರಿದರೆ ಇನ್ನು ಮೂರು ಮಾತು. ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಒಳ ಅಂಚನ್ನು ಕತ್ತರಿಸಬೇಕು ಎಂದರೆ ಎಷ್ಟು ಎಂದು ಗುರುತು ಹಾಕಿಸಿ ನೋಡಿಯೇ ಒಪ್ಪಿಗೆ ಕೊಡಿ, ಕತ್ತರಿಸಿದ ಅಂಚಿಗೆ ಅವತ್ತೇ ತುಕ್ಕು ಹಿಡಿಯದ ಬಣ್ಣ ಬೀಳಲಿ. ವಿಮೆಯವರಿಗೆ ಕೆಲಸಕ್ಕೆ ಮೊದಲೇ ತಿಳಿಸಿ. ಹಳೆಯ ಕೀಲು, ಬೋಲ್ಟ್ ಯಾವುದನ್ನೂ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ.

ತೂಕದ ಅಂಕಿ ಸಿಕ್ಕ ಮೇಲೆ ನನಗೊಂದು ಪತ್ರ ಹಾಕಿ, ಸ್ಟ್ರಟ್ ಲೆಕ್ಕವನ್ನು ಕೂತು ಮಾಡೋಣ. ಎರಡೂ ಬಾಗಿಲುಗಳನ್ನು ಬೇರೆ ಬೇರೆಯಾಗಿ ತೂಗಿ ಬರೆಯಿರಿ. ಒಳಗಿನ ಸಾಮಾನು ಎರಡರಲ್ಲೂ ಒಂದೇ ಇರುವುದಿಲ್ಲ.