ಸಂಪಾದಕರ ಉತ್ತರ: ಗಡಿಯಾರ ನೋಡ್ತಾ ನಿಂತ ಡಾಕ್ಟ್ರು

ದಾವಣಗೆರೆಯ ಓದುಗರೊಬ್ರು, ಮಗಳ ಮನೆಗೆ ಅಂತ ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಹೋಗಿ ಬಂದವ್ರು, ನಾಲ್ಕು ಪುಟದ ಕಾಗದ ಬರೆದಿದಾರೆ. ಮೂರು ವರ್ಷದ ಮೊಮ್ಮಗನಿಗೆ ಒಂದು ರಾತ್ರಿ ಮೈ ಕೆಂಡದ ಹಾಗೆ ಸುಡ್ತಿತ್ತಂತೆ. ಬೆಳಿಗ್ಗೆ ಆಸ್ಪತ್ರೇಲಿ ಬೆರಳು ಚುಚ್ಚಿ ರಕ್ತ ನೋಡಿ ಮಲೇರಿಯಾ ಇಲ್ಲ ಅಂದ್ರು, ಆಮೇಲೆ ಒಬ್ಬ ಸಣ್ಣ ವಯಸ್ಸಿನ ಡಾಕ್ಟ್ರು ಮಗೂ ಅಂಗಿ ಮೇಲೆತ್ತಿ "ಸುಮ್ನೆ ಗಡಿಯಾರ ನೋಡ್ತಾ ನಿಂತಿದ್ರು", ಕೊನೆಗೆ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಬರ್ಕೊಟ್ಟು ಮನೆಗೆ ಕಳ್ಸಿದ್ರು. ಇವರ ಸಿಟ್ಟು ಏನಂದ್ರೆ, ಮಲೇರಿಯಾ ಸೀಮೇಲಿ ಮಲೇರಿಯಾ ಗುಳಿಗೆ ಕೊಡ್ಲಿಲ್ಲ, ಒಂದು ಗ್ಲೂಕೋಸ್ ಬಾಟ್ಲಿನೂ ಹಾಕ್ಲಿಲ್ಲ, ನಮ್ಮ ಹಳೇ ಡಾಕ್ಟ್ರಾಗಿದ್ರೆ ಮುಖ ನೋಡೇ ಔಷಧಿ ಕೊಡ್ತಿದ್ರು, ಕೊಟ್ಟಿದ್ರೆ ಏನು ಗಂಟು ಹೋಗ್ತಿತ್ತು? ಮುಂದಿನ ತಿಂಗಳು ಅಲ್ಲಿಗೆ ಹೋಗೋರ ಕೈಲಿ ಹಳೇ ಮಲೇರಿಯಾ ಗುಳಿಗೆ ಕ್ಲೋರೋಕ್ವಿನ್ ಕಳಿಸ್ಲಾ ಅಂತಾನೂ ಕೇಳಿದಾರೆ. ಮಗು ಐದನೇ ದಿನ ಎದ್ದು ಆಡ್ತಿತ್ತು ಅನ್ನೋದು ಮಾತ್ರ ಕಾಗದದ ಕಟ್ಟಕಡೇ ಸಾಲಲ್ಲಿದೆ.

ಅಮ್ಮಾ, ಆ ಕಡೇ ಸಾಲನ್ನ ನೀವು ಮೊದಲು ಬರೀಬೇಕಿತ್ತು.

ನಿಮ್ಮ ಮಾತಲ್ಲಿ ಹುರುಳಿಲ್ಲ ಅಂತ ಹೇಳಲ್ಲ. ಫಾಲ್ಸಿಪಾರಮ್ ಅನ್ನೋ ಅಪಾಯದ ಜಾತಿಯ ಮಲೇರಿಯಾ ಬಂದ ಕೂಸು ಒಂದೆರಡು ದಿನದಲ್ಲೇ ಕೈತಪ್ಪಿ ಹೋಗಬಹುದು, ಲ್ಯಾಬ್ ಇಲ್ಲದ ಕಡೆ ಡಾಕ್ಟ್ರು ಏನು ಮಾಡ್ಬೇಕು? ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯವ್ರೇ ಬಹಳ ವರ್ಷ, ಮಲೇರಿಯಾ ಜಾಸ್ತಿ ಇರೋ ಕಡೆ ಐದು ವರ್ಷದೊಳಗಿನ ಮಗೂಗೆ ಜ್ವರ ಅಂದ್ರೆ ಮಲೇರಿಯಾ ಅಂತಾನೇ ಔಷಧಿ ಕೊಡಿ ಅಂದಿದ್ರು. ಅವತ್ತಿಗೆ ಅದು ಸರಿನೇ.

ಆದ್ರೆ "ಕೊಟ್ಟಿದ್ರೆ ಏನು ಗಂಟು ಹೋಗ್ತಿತ್ತು" ಅಂದ್ರಲ್ಲ, ಗಂಟೇ ಹೋಗ್ತಿತ್ತು. ಮಲೇರಿಯಾ ಅಂತ ಬರೆದ ಕೂಡಲೇ ಬೇರೆ ಕಾಯಿಲೆ ಹುಡುಕೋದು ನಿಂತುಹೋಗುತ್ತೆ, ನಾನು ವರ್ಷಗಳಿಂದ ಬಡ್ಕೊಳ್ತಿರೋದು ಇದನ್ನೇ. 2004ರಲ್ಲಿ ಈಶಾನ್ಯ ಟಾಂಜಾನಿಯಾದ ಹತ್ತು ಆಸ್ಪತ್ರೆಗಳ ಲೆಕ್ಕ ಅಚ್ಚಾಯ್ತು. ತೀವ್ರ ಮಲೇರಿಯಾ ಅಂತ ಚಿಕಿತ್ಸೆ ತಗೊಂಡ 4474 ಜನರಲ್ಲಿ ರಕ್ತದಲ್ಲಿ ಮಲೇರಿಯಾ ಪರಾವಲಂಬಿ ನಿಜವಾಗ್ಲೂ ಕಂಡಿದ್ದು 2062 ಜನಕ್ಕೆ, ಅರ್ಧಕ್ಕೂ ಕಮ್ಮಿ. ಸತ್ತವರು ಯಾವ ಕಡೆ ಹೆಚ್ಚು ಅಂತ ನೋಡಿ: ಮಲೇರಿಯಾ ಇದ್ದವರಲ್ಲಿ ನೂರಕ್ಕೆ 7, ಇಲ್ಲದೇ ಇದ್ದವರಲ್ಲಿ ನೂರಕ್ಕೆ 12. ಮಲೇರಿಯಾ ಇಲ್ಲದವರೇ ಮಲೇರಿಯಾ ಔಷಧಿ ತಗೊಂಡು ಜಾಸ್ತಿ ಸತ್ರು, ಯಾಕಂದ್ರೆ ಅವರಿಗಿದ್ದ ಕಾಯಿಲೆ ಬೇರೆ, ಅವರಲ್ಲಿ ಬಹಳ ಜನಕ್ಕೆ ಆಂಟಿಬಯೋಟಿಕ್ ಸಿಕ್ಕೇ ಇರಲಿಲ್ಲ. ಕಿಲಿಮಂಜಾರೋ ತಪ್ಪಲಿನ ಮೋಶಿಯಲ್ಲಿ ಇನ್ನೊಂದು ತಂಡ ಜ್ವರ ಅಂತ ಆಸ್ಪತ್ರೆ ಸೇರಿದ 870 ಮಕ್ಕಳು ದೊಡ್ಡವರನ್ನ ಕೂಲಂಕಷವಾಗಿ ಪರೀಕ್ಷೆ ಮಾಡ್ತು. ಡಾಕ್ಟ್ರು ಮಲೇರಿಯಾ ಅಂದಿದ್ದು 528 ಜನಕ್ಕೆ, ನಿಜವಾಗ್ಲೂ ಇದ್ದಿದ್ದು 14 ಜನಕ್ಕೆ! ಉಳಿದವರಲ್ಲಿ ಲೆಪ್ಟೋಸ್ಪೈರೋಸಿಸ್ ಇತ್ತು (ನಮ್ಮ ಕರಾವಳಿಯವ್ರು ಇಲಿ ಜ್ವರ ಅನ್ನೋದು ಇದನ್ನೇ), ದನಕರುಗಳಿಂದ ಬರೋ ಕ್ಯೂ ಫೀವರ್ ಇತ್ತು, ಚಿಕೂನ್‌ಗುನ್ಯಾ ಇತ್ತು. ಇದನ್ನೆಲ್ಲ ಮುಖ ನೋಡಿ ಹೇಳೋಕಾಗುತ್ತಾ ಹೇಳಿ.

ನನ್ನ ಸ್ನೇಹಿತರೊಬ್ರು ತೊಂಬತ್ತರ ದಶಕದಲ್ಲಿ ಆ ಕಡೆಯ ಒಂದು ಆಸ್ಪತ್ರೇಲಿ ಕೆಲಸ ಮಾಡಿ ಬಂದ್ರು. ಲ್ಯಾಬಿನಲ್ಲಿ ಒಬ್ಬನೇ ಟೆಕ್ನಿಷಿಯನ್, ಕರೆಂಟ್ ಹೋದಾಗ ಮೈಕ್ರೋಸ್ಕೋಪನ್ನ ಕಿಟಕಿ ಹತ್ರ ಎಳ್ಕೊಂಡು, ಅದರ ಕನ್ನಡೀಲಿ ಬಿಸಿಲು ಹಿಡಿದು ನೋಡ್ತಿದ್ದನಂತೆ. ಒಂದು ಹೆಣ್ಣುಮಗು ಜ್ವರ, ಫಿಟ್ಸ್ ಅಂತ ಬಂತು. ಸ್ವಾಹಿಲಿಯಲ್ಲಿ ಇದಕ್ಕೆ ದೆಗೆದೆಗೆ ಅಂತಾರೆ, ಆಸ್ಪತ್ರೆಗಿಂತ ಮೊದಲು ನಾಟಿ ವೈದ್ಯರ ಹತ್ರ ಓಡೋರೂ ಇದ್ದಾರೆ, ಈ ಮಗುವೂ ಹಾಗೇ ಒಂದು ದಿನ ತಡವಾಗಿ ಬಂದಿತ್ತು. ಸ್ಲೈಡ್ ನೆಗೆಟಿವ್. ಟೆಕ್ನಿಷಿಯನ್ ಎರಡು ಸಲ ವಾರ್ಡಿಗೆ ಬಂದು "ಇಲ್ಲ ಡಾಕ್ಟ್ರೇ, ಏನೂ ಕಾಣ್ತಿಲ್ಲ" ಅಂದ. ನಮ್ಮ ಸ್ನೇಹಿತರು ನಂಬಲಿಲ್ಲ, ಮಲೇರಿಯಾಕ್ಕೆ ಕೊಡೋ ಕ್ವಿನೈನ್ ಹನಿಸ್ತಾನೇ ಇದ್ರು. ಮೂರನೇ ದಿನ ಬೆನ್ನಿಂದ ನೀರು ತೆಗೆದು ನೋಡಿದ್ರೆ ಕೀವು, ಮೆನಿಂಜೈಟಿಸ್, ಅಂದ್ರೆ ಮೆದುಳಿನ ಪೊರೆಯ ಸೋಂಕು. ಮಗು ಉಳೀಲಿಲ್ಲ. ಈಗ ಎಪ್ಪತ್ತು ದಾಟಿದೆ ಅವರಿಗೆ, ಮೊನ್ನೆ ಫೋನಲ್ಲೂ ಹೇಳಿದ್ರು, "ಆ ಹುಡುಗ ಎರಡು ಸಲ ಬಂದಿದ್ದ ಕಣಯ್ಯಾ."

ಒಂದು ದಪ್ಪ ಲೇಪದ ಸ್ಲೈಡಿಗೆ ಜೀಮ್ಸಾ ಬಣ್ಣ ಹಾಕಿ, ಒಣಗಿಸಿ, ಎಣ್ಣೆ ಬಿಟ್ಟು, ನೂರು ಫೀಲ್ಡ್ (ಮೈಕ್ರೋಸ್ಕೋಪಲ್ಲಿ ಒಂದು ಸಲಕ್ಕೆ ಕಾಣೋ ಜಾಗ) ನೋಡಿ ಮುಗಿಸಿದ ಮೇಲೇನೇ ನೆಗೆಟಿವ್ ಅಂತ ಬರೀಬೇಕು. ಅಷ್ಟು ನಿಯತ್ತಾಗಿ ಬರೆದ ಚೀಟೀನ ಡಾಕ್ಟ್ರು ಪಕ್ಕಕ್ಕೆ ತಳ್ಳಿದ್ರೆ ಆ ಟೆಕ್ನಿಷಿಯನ್ ನಾಳೆ ನೂರು ಯಾಕೆ ನೋಡ್ತಾನೆ, ಹತ್ತು ನೋಡಿ ಬಿಡ್ತಾನೆ. ಆಮೇಲೆ ಲ್ಯಾಬ್ ಸರಿಯಿಲ್ಲ ಅಂತ ಅವನನ್ನೇ ಬೈತೀವಿ. ಮಲೇರಿಯಾ ಇದ್ರೆ ಹದಿನೈದಿಪ್ಪತ್ತು ನಿಮಿಷದಲ್ಲಿ ಗೆರೆ ತೋರಿಸೋ ಕಿಟ್ ಬಂದಾಗ್ಲೂ ಇದೇ ಕತೆ, 2007ರಲ್ಲಿ ಟಾಂಜಾನಿಯಾದಲ್ಲೇ ಪ್ರಯೋಗ ಮಾಡಿ ನೋಡಿದ್ರೆ ನೆಗೆಟಿವ್ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮಲೇರಿಯಾ ಔಷಧಿ ಬರ್ಕೊಟ್ಟಿದ್ರು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲಾ ವಯಸ್ಸಿನವರಿಗೂ ಮೊದಲು ಟೆಸ್ಟ್ ಆಮೇಲೆ ಔಷಧಿ ಅಂತ ನಿಯಮ ಬದಲಾಯಿಸ್ತು. ನಿಮ್ಮ ಮೊಮ್ಮಗನ್ನ ನೋಡಿದ ಡಾಕ್ಟ್ರು ಈ ನಿಯಮದಲ್ಲೇ ಓದಿ ಬಂದವ್ರು.

ಈಗ ಆ ಗಡಿಯಾರಕ್ಕೆ ಬರ್ತೀನಿ. ಅವರು ಸುಮ್ನೆ ನಿಂತಿರಲಿಲ್ಲಮ್ಮ, ಮಗೂ ಎದೆ ಏರಿಳಿಯೋದನ್ನ ಪೂರ್ತಿ ಒಂದು ನಿಮಿಷ ಎಣಿಸ್ತಿದ್ರು. ಒಂದರಿಂದ ಐದು ವರ್ಷದ ಮಗು ನಿಮಿಷಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಸಲ ಉಸಿರಾಡಿದ್ರೆ ನ್ಯುಮೋನಿಯಾ ಅನುಮಾನ, ಅದಕ್ಕೇ ಅಮಾಕ್ಸಿಸಿಲಿನ್. ನಿಮ್ಮ ಮಗಳಿರೋ ದಾರ್ ಎಸ್ ಸಲಾಮ್ ಮತ್ತು ಟಾಂಜಾನಿಯಾದ್ದೇ ಇನ್ನೊಂದು ಊರು ಇಫಕಾರಾದಲ್ಲಿ ಜ್ವರ ಬಂದ 1005 ಮಕ್ಕಳನ್ನ ನೋಡಿದ ಒಂದು ಅಧ್ಯಯನ 2014ರಲ್ಲಿ ಬಂತು, ಮಲೇರಿಯಾ ಇದ್ದಿದ್ದು ನೂರಕ್ಕೆ ಹತ್ತು ಹನ್ನೊಂದು ಮಕ್ಕಳಿಗೆ, ನೂರಕ್ಕೆ ಅರವತ್ತರಷ್ಟು ಮಕ್ಕಳಿಗೆ ಗಂಟಲು ಎದೆ ಶ್ವಾಸದ ಸೋಂಕು. ಅದರಲ್ಲೂ ಬಹುಪಾಲು ವೈರಸ್, ಹಾಗಾಗಿ ಮಲೇರಿಯಾ ಗುಳಿಗೆ ಬಿಟ್ಟು ಎಲ್ಲರಿಗೂ ಆಂಟಿಬಯೋಟಿಕ್ ಹಂಚಿದ್ರೆ ಅದೂ ತಪ್ಪೇ. ಎಣಿಸಿ ಕೊಡ್ಬೇಕು, ಅವರು ಎಣಿಸಿದ್ರು. ಬಡ ಆಸ್ಪತ್ರೇಲಿ ಮುಳ್ಳಿರೋ ಒಂದು ವಾಚು ಮಾಡೋವಷ್ಟು ಕೆಲಸಾನ ದೊಡ್ಡ ಮೆಷಿನ್ನೂ ಮಾಡಲ್ಲ.

ಗ್ಲೂಕೋಸ್ ಬಾಟ್ಲಿ ವಿಷಯ. ನಮ್ಮಲ್ಲಿ ಡ್ರಿಪ್ ಹಾಕದಿದ್ರೆ ಡಾಕ್ಟ್ರೇ ಅಲ್ಲ ಅನ್ನೋ ಮಟ್ಟಿಗೆ ಆಗಿದೆ, ಜನ ಕೇಳ್ತಾರೆ, ಕ್ಲಿನಿಕ್‌ನವ್ರು ಹಾಕ್ತಾರೆ, ಬಿಲ್ ಆಗುತ್ತೆ. ಕೆನ್ಯಾ, ಉಗಾಂಡಾ, ಟಾಂಜಾನಿಯಾದಲ್ಲಿ ಫೀಸ್ಟ್ ಅನ್ನೋ ಪ್ರಯೋಗ ನಡೀತು, 2011ರಲ್ಲಿ ಫಲಿತಾಂಶ ಬಂತು. ತೀವ್ರ ಜ್ವರ ಬಂದು ಕೈಕಾಲು ತಣ್ಣಗಾಗಿ ರಕ್ತ ಓಡಾಟ ಕುಗ್ಗಿದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು (ಭೇದಿಯಿಂದ ಸೊರಗಿದವರನ್ನ ಸೇರಿಸಿರಲಿಲ್ಲ). ಕೆಲವರಿಗೆ ಒಂದೇ ಸಲಕ್ಕೆ ಜೋರಾಗಿ ಸಲೈನ್ ಅಥವಾ ಆಲ್ಬುಮಿನ್ (ರಕ್ತದಲ್ಲಿರೋ ಪ್ರೋಟೀನಿನ ದ್ರವ) ಬಿಟ್ರು, ಕೆಲವರಿಗೆ ಬಿಡಲಿಲ್ಲ. 48 ಗಂಟೇಲಿ, ಬಿಟ್ಟವರಲ್ಲಿ ನೂರಕ್ಕೆ ಹತ್ತೂವರೆ ಸಾವು, ಬಿಡದವರಲ್ಲಿ 7.3. ಪ್ರಯೋಗಾನ ಮುಗಿಯೋಕೆ ಮೊದಲೇ ನಿಲ್ಲಿಸಿದ್ರು. ದೊಡ್ಡ ದೇಶದ ಪುಸ್ತಕದಲ್ಲಿ ಕಣ್ಮುಚ್ಚಿ ನಂಬಿದ್ದ ಪದ್ಧತಿ ಅದು, ತಪ್ಪು ಅಂತ ತೋರಿಸಿದ್ದು ಉಗಾಂಡಾದ ಸೊರೋಟಿ, ಎಂಬಾಲೆ, ಕೆನ್ಯಾದ ಕಿಲಿಫಿಯಂಥ ಊರಿನ ವಾರ್ಡುಗಳು. ನಾವು ಆಫ್ರಿಕಾ ಅಂದ್ರೆ ಪಾಪ ಅಂತೀವಿ, ಅವರಿಂದ ಕಲಿಯೋಕೆ ತಯಾರಿಲ್ಲ. ನಮ್ಮ ಪೇಪರ್‌ಗಳು ಪುಣೆಯಲ್ಲಿ ತಯಾರಾಗೋ ಮಲೇರಿಯಾ ಲಸಿಕೆ ಬಗ್ಗೆ ಮುಖಪುಟದಲ್ಲಿ ಬರೀತಾವೆ, ಬರೀಲಿ, ಸಂತೋಷ, ಆದ್ರೆ ಕಿಟಕಿ ಪಕ್ಕ ಕೂತು ಫೀಲ್ಡ್ ಎಣಿಸೋ ಟೆಕ್ನಿಷಿಯನ್‌ಗೆ ಸಂಬಳ ಸರಿಯಾಗಿ ಬಂತಾ ಅಂತ ಯಾರೂ ಕೇಳಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಗಳ ಲ್ಯಾಬಲ್ಲೂ ಕಾಂಟ್ರಾಕ್ಟ್ ಮೇಲೆ ದುಡಿಯೋ ಹುಡುಗ ಹುಡುಗೀರಿಗೆ ಇದೇ ಪಾಡು.

ಕ್ಲೋರೋಕ್ವಿನ್ ಕಳಿಸ್ಬೇಡಿ. ಅಲ್ಲಿನ ಫಾಲ್ಸಿಪಾರಮ್‌ಗೆ ಅದು ನಾಟದೇ ಹೋಗಿ ಟಾಂಜಾನಿಯಾ ಸರ್ಕಾರ 2001ರಲ್ಲೇ ಕೈಬಿಡ್ತು, ಈಗ ಕೊಡೋದು ಆರ್ಟಿಮಿಸಿನಿನ್ ಸೇರಿದ ಜೋಡಿ ಔಷಧಿ, ಕಾಯಿಲೆ ಜೋರಾದ್ರೆ ಆರ್ಟೆಸುನೇಟ್ ಇಂಜೆಕ್ಷನ್. ಮಗಳಿಗೆ ಇಷ್ಟು ಹೇಳಿ: ಜ್ವರ ಬಂದ ದಿನವೇ ರಕ್ತ ತೋರಿಸ್ಲಿ, ನೆಗೆಟಿವ್ ಬಂದೂ ಜ್ವರ ಬಿಡದಿದ್ರೆ ಮಾರನೇ ದಿನ ಮತ್ತೆ ತೋರಿಸ್ಲಿ, ಮಗು ಹಾಲು ನೀರು ಕುಡೀದೇ ಇದ್ರೆ, ಫಿಟ್ಸ್ ಬಂದ್ರೆ, ಎಬ್ಬಿಸಿದ್ರೂ ಸರಿಯಾಗಿ ಏಳದಿದ್ರೆ ಒಂದು ಗಳಿಗೇನೂ ಕಾಯದೇ ಆಸ್ಪತ್ರೆಗೆ ಓಡ್ಲಿ. ಆ ಡಾಕ್ಟ್ರು ಮತ್ತೆ ಸಿಕ್ರೆ ಅವರಿಗೆ ನನ್ನ ನಮಸ್ಕಾರ ತಿಳಿಸೋಕೂ ಹೇಳಿ.